ಉಂಡ ಊಟ ರಕ್ತದಲ್ಲಿ ಎಷ್ಟು ಹೊತ್ತು?

ಮಧುಮೇಹವುಳ್ಳ ಮನೆಗಳವರು ಅರಿಯಬೇಕಾದ ಒಂದು ಸಂಗತಿ

ಕಳೆದ ಶ್ರಾವಣದಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ಹಿರಿಯರೊಬ್ಬರು ಮನೆಗೆ ಬಂದಿದ್ದರು. ವಯಸ್ಸು ಅರವತ್ತೆಂಟು, ಮಧುಮೇಹ ಕಾಣಿಸಿಕೊಂಡು ಹನ್ನೆರಡು ವರ್ಷ. ಬಂದವರೇ ಜೇಬಿನಿಂದ ರಕ್ತಪರೀಕ್ಷೆಯ ಕಾಗದವೊಂದನ್ನು ತೆಗೆದು ನಮ್ಮ ಮುಂದಿರಿಸಿ, “ನೋಡ್ರಿ ಶಾಸ್ತ್ರಿಗಳ, ರಕ್ತದಾಗ ಏನೂ ದೋಷ ಇಲ್ಲಂತ ಬರದಾರ. ಇನ್ನ ಹಬ್ಬದಾಗ ಹೋಳಿಗಿ ಉಣ್ಣಾಕ ಯಾರ ಅಪ್ಪಣಿ ಬೇಕ್ರಿ?” ಎಂದು ನಕ್ಕರು. ಕಾಗದದಲ್ಲಿ ಒಟ್ಟು ಕೊಲೆಸ್ಟರಾಲು 190 ಎಂದಿತ್ತು, ಎದುರಿಗೆ ಮೇರೆ 200. ಟ್ರೈಗ್ಲಿಸರೈಡ್ ಎಂಬ ಕೊಬ್ಬು 148, ಅದರ ಮೇರೆ 150. ಎರಡೂ ಗೆರೆಯ ಒಳಗೇ ಇದ್ದವು.

ಅವರ ಸಂತೋಷಕ್ಕೆ ನಾವು ಅಡ್ಡಿಯಾಗಲಿಲ್ಲ; ಅವರ ವೈದ್ಯರು ಅಡ್ಡಿಯಾದರು. “ಇದು ಹನ್ನೆರಡು ತಾಸು ಉಪವಾಸವಿದ್ದ ರಕ್ತ. ಒಂದು ದಿನ ಎಂದಿನಂತೆ ಮನೆಯ ಊಟ ಮಾಡಿ, ನಾಲ್ಕು ತಾಸಿನ ಮೇಲೆ ಬನ್ನಿ” ಎಂದರು. ಹಿರಿಯರು ಹಾಗೆಯೇ ಹೋದರು. ಆ ದಿನ ಟ್ರೈಗ್ಲಿಸರೈಡ್ 310ಕ್ಕೆ ಏರಿತ್ತು. ಅದೇ ಮನುಷ್ಯ, ಅದೇ ವಾರ, ಅದೇ ರಕ್ತ. ಉಪವಾಸದಲ್ಲಿ ಒಂದು ಮುಖ, ಉಂಡ ಮೇಲೆ ಇನ್ನೊಂದು ಮುಖ. ಮಧುಮೇಹವೆಂದರೆ ಸಕ್ಕರೆಯ ಮಾತು ಮಾತ್ರವೆಂದು ತಿಳಿದಿದ್ದ ನಮಗೆ ಇದು ಸೋಜಿಗವೆನಿಸಿತು. ಆ ಬಳಿಕ ವೈದ್ಯರನ್ನು ಕೇಳಿ, ಗ್ರಂಥಗಳನ್ನು ನೋಡಿ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಹಾಲಿನ ಬಣ್ಣದ ನಾಳಗಳು

ಉಪವಾಸದ ದೇಹ ತೋರಿಸದೆ ಇರುವುದನ್ನು ಉಂಡ ದೇಹ ತೋರಿಸುತ್ತದೆ ಎಂಬ ಮಾತು ಹೊಸದಲ್ಲ. ಇಟಲಿ ದೇಶದಲ್ಲಿ ಗಾಸ್ಪರೆ ಅಸೆಲ್ಲಿ ಎಂಬ ಶರೀರಶಾಸ್ತ್ರಜ್ಞನಿದ್ದನು. 1622ರ ಜುಲೈ ತಿಂಗಳಲ್ಲಿ ಆತ ಬೇರೆಯೇ ಉದ್ದೇಶದಿಂದ ಜೀವಂತ ನಾಯಿಯೊಂದರ ಹೊಟ್ಟೆಯನ್ನು ಸೀಳಿ ನೋಡುತ್ತಿದ್ದಾಗ, ಕರುಳಿನ ಸುತ್ತ ಬಿಳಿಯ ಎಳೆಗಳು ಕಂಡವು. ನರಗಳೆಂದು ತಿಳಿದು ಒಂದನ್ನು ಚುಚ್ಚಿದರೆ ಹಾಲಿನಂಥ ದ್ರವ ಹೊರಬಂದಿತು. ಮತ್ತೊಂದು ನಾಯಿಯಲ್ಲಿ ಹುಡುಕಿದಾಗ ಅವು ಕಾಣಲೇ ಇಲ್ಲ. ಮೊದಲನೆಯ ನಾಯಿ ಹೊಟ್ಟೆ ತುಂಬ ತಿಂದಿತ್ತು, ಎರಡನೆಯದು ಹಸಿದಿತ್ತು ಎಂಬುದು ಹೊಳೆದ ಮೇಲೆ ರಹಸ್ಯ ಬಿಡಿಸಿತು. ದಯೆಯುಳ್ಳ ಮನಸ್ಸಿಗೆ ಆ ವಿಧಾನ ಸಹ್ಯವಲ್ಲ. ಆದರೆ ಅಂದು ಕಂಡ ಸತ್ಯ ಉಳಿಯಿತು: ಉಂಡ ಜಿಡ್ಡು ಹಾಲಿನ ರೂಪದಲ್ಲಿ ವಿಶೇಷ ನಾಳಗಳ ಮೂಲಕ ಸಾಗುತ್ತದೆ, ಮತ್ತು ಅದು ಉಂಡ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತದೆ.

ತುತ್ತಿನಿಂದ ರಕ್ತದವರೆಗೆ

ನಾವು ಉಂಡ ತುಪ್ಪ, ಎಣ್ಣೆ, ಕೆನೆ, ಶೇಂಗಾ ಇವುಗಳಲ್ಲಿರುವ ಕೊಬ್ಬಿನ ಬಹುಭಾಗಕ್ಕೆ ಟ್ರೈಗ್ಲಿಸರೈಡ್ ಎಂದು ಹೆಸರು. ಸಣ್ಣ ಕರುಳಿನಲ್ಲಿ ಪಿತ್ತರಸ ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜ್ಜೀರಕ ಗ್ರಂಥಿಯ ಕಿಣ್ವ ಅದನ್ನು ಜೀರ್ಣಿಸುತ್ತದೆ. ಕರುಳಿನ ಗೋಡೆಯ ಜೀವಕೋಶಗಳು ಅದನ್ನು ಹೀರಿಕೊಂಡು ಮತ್ತೆ ಕೊಬ್ಬಾಗಿ ಜೋಡಿಸುತ್ತವೆ. ಆದರೆ ರಕ್ತದ ದ್ರವಭಾಗ ಬಹುಪಾಲು ನೀರು, ಜಿಡ್ಡು ನೀರಿನಲ್ಲಿ ಕರಗದು. ಆದ್ದರಿಂದ ಕರುಳು ಕೊಬ್ಬನ್ನು ಒಳಗಿಟ್ಟು, ಹೊರಗೆ ಪ್ರೋಟೀನು ಮೊದಲಾದವುಗಳ ತೆಳುವಾದ ಹೊದಿಕೆ ಹೊದಿಸಿ ಕಣಗಳನ್ನು ಮಾಡುತ್ತದೆ. ಇವೇ ಕೈಲೋಮೈಕ್ರಾನುಗಳು. ಅಸೆಲ್ಲಿ ಕಂಡ ಹಾಲಿನ ಬಣ್ಣ ಇವುಗಳದೇ. ಇವು ನೇರವಾಗಿ ಯಕೃತ್ತಿಗೆ ಹೋಗದೆ ದುಗ್ಧರಸ ನಾಳಗಳಲ್ಲಿ ಮೇಲೇರಿ, ಕುತ್ತಿಗೆಯ ಎಡಭಾಗದ ಬುಡದಲ್ಲಿ ರಕ್ತವನ್ನು ಸೇರುತ್ತವೆ.

ನಮ್ಮ ಒಕ್ಕಲು ಮನೆತನದವರಿಗೆ ತಿಳಿಯುವ ಹೋಲಿಕೆಯೊಂದನ್ನು ಹೇಳುತ್ತೇವೆ. ಕೈಲೋಮೈಕ್ರಾನು ಸರಕು ತುಂಬಿದ ಬಂಡಿ, ಟ್ರೈಗ್ಲಿಸರೈಡ್ ಅದರಲ್ಲಿರುವ ಚೀಲ. ಬಂಡಿ ಪೇಟೆಗೆ ಬಂದರೆ ಸಾಲದು. ಚೀಲ ಇಳಿಸುವ ಹಮಾಲರು ಬೇಕು. ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳ ಲೋಮನಾಳಗಳ ಗೋಡೆಯ ಮೇಲೆ ಕುಳಿತಿರುವ ಕಿಣ್ವವೊಂದು ಈ ಹಮಾಲಿ ಕೆಲಸ ಮಾಡುತ್ತದೆ. ಹೆಪಾರಿನ್ ಎಂಬ ಔಷಧವನ್ನು ಚುಚ್ಚಿದೊಡನೆ, ಉಂಡ ನಾಯಿಗಳ ಹಾಲಿನಂತಹ ರಕ್ತದ್ರವ ತಿಳಿಯಾಗುವುದನ್ನು ಹಾನ್ ಎಂಬ ವಿಜ್ಞಾನಿ 1943ರಲ್ಲಿ ವರದಿ ಮಾಡಿದನು. ಗೋಡೆಗೆ ಅಂಟಿಕೊಂಡಿದ್ದ ಕಿಣ್ವ ರಕ್ತಕ್ಕಿಳಿದು ಆ ಕೆಲಸ ಮಾಡುತ್ತದೆಂಬುದು ಮುಂದೆ ತಿಳಿಯಿತು. ಅದಕ್ಕೆ ಲಿಪೊಪ್ರೋಟೀನ್ ಲೈಪೇಸ್ ಎಂದು ಹೆಸರಾಯಿತು. ಚೀಲಗಳನ್ನು ಇಳಿಸಿದ ಮೇಲೆ ಉಳಿಯುವ ಬರಿದಾದ ಬಂಡಿಗೆ ಶೇಷಕಣ ಎನ್ನೋಣ. ಅದನ್ನು ಯಕೃತ್ತು ಒಳಗೆ ಎಳೆದುಕೊಂಡು ವಿಲೇವಾರಿ ಮಾಡುತ್ತದೆ.

ಆರೋಗ್ಯವಂತರಲ್ಲಿ ಉಂಡ ಮೂರು ನಾಲ್ಕು ತಾಸಿಗೆ ರಕ್ತದ ಟ್ರೈಗ್ಲಿಸರೈಡ್ ತನ್ನ ಎತ್ತರವನ್ನು ಮುಟ್ಟಿ, ಆರರಿಂದ ಎಂಟು ತಾಸಿನೊಳಗೆ ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಂಡಿಗಳು ರಾತ್ರಿಯ ಬಂಡಿಗಳು ಬರುವ ಹೊತ್ತಿಗೆ ಬಹುಮಟ್ಟಿಗೆ ಪೇಟೆ ಬಿಟ್ಟಿರುತ್ತವೆ.

ಇನ್ಸುಲಿನ್ನಿನ ಮರೆತುಹೋದ ಕರ್ತವ್ಯ

ಇನ್ಸುಲಿನ್ ಎಂದೊಡನೆ ಎಲ್ಲರಿಗೂ ಸಕ್ಕರೆ ನೆನಪಾಗುತ್ತದೆ. ಆದರೆ ಊಟದ ನಂತರ ಕೊಬ್ಬಿನ ಆಡಳಿತವೂ ಅದರದೇ. ಅದು ಮೂರು ಆಜ್ಞೆಗಳನ್ನು ಕೊಡುತ್ತದೆ. ಮೊದಲನೆಯದು ಕೊಬ್ಬಿನ ಅಂಗಾಂಶದ ಹಮಾಲರಿಗೆ: “ಚೀಲ ಇಳಿಸಿರಿ.” ಎರಡನೆಯದು ದೇಹದ ಕೊಬ್ಬಿನ ಉಗ್ರಾಣಕ್ಕೆ: “ಹೊರಗಿನಿಂದ ಸರಕು ಬರುತ್ತಿದೆ, ನಿನ್ನ ಬಾಗಿಲು ಮುಚ್ಚು.” ಮೂರನೆಯದು ಯಕೃತ್ತಿಗೆ. ಯಕೃತ್ತು ಕೂಡ ತನ್ನದೇ ಆದ ಕೊಬ್ಬಿನ ಬಂಡಿಗಳನ್ನು ಹಗಲಿರುಳು ಹೊರಡಿಸುತ್ತಿರುತ್ತದೆ, ಅವಕ್ಕೆ ವಿ.ಎಲ್.ಡಿ.ಎಲ್. ಎಂದು ಹೆಸರು. “ಊಟದ ಬಂಡಿಗಳು ಸಾಗುವವರೆಗೆ ನಿನ್ನವನ್ನು ತಡೆದಿಡು” ಎಂದು ಇನ್ಸುಲಿನ್ ಅದಕ್ಕೆ ಹೇಳುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವ, ನಡುವಯಸ್ಸಿನಲ್ಲಿ ಬರುವ ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತನ್ನು ಅಂಗಾಂಗಗಳು ಸರಿಯಾಗಿ ಕೇಳುವುದಿಲ್ಲ. ಹಮಾಲರ ಕೈ ನಿಧಾನವಾಗುತ್ತದೆ. ಉಗ್ರಾಣದ ಬಾಗಿಲು ತೆರೆದೇ ಇದ್ದು, ಅಲ್ಲಿಂದ ಸೋರಿದ ಕೊಬ್ಬು ಯಕೃತ್ತಿಗೆ ಹರಿಯುತ್ತದೆ. ಯಕೃತ್ತು ಆ ಕೊಬ್ಬನ್ನು ತುಂಬಿ ಇನ್ನಷ್ಟು ಬಂಡಿಗಳನ್ನು ಹೊರಡಿಸುತ್ತದೆ. ಕರುಳು ಕೂಡ ಇಂಥವರಲ್ಲಿ ಹೆಚ್ಚು ಕೈಲೋಮೈಕ್ರಾನುಗಳನ್ನು ಕಳುಹಿಸುತ್ತದೆಂದು ಸಂಶೋಧಕರು ಕಂಡಿದ್ದಾರೆ. ಹೀಗೆ ಕರುಳಿನ ಬಂಡಿಗಳು ಒಂದು ಕಡೆಯಿಂದ, ಯಕೃತ್ತಿನ ಬಂಡಿಗಳು ಇನ್ನೊಂದು ಕಡೆಯಿಂದ ಒಂದೇ ಪೇಟೆಗೆ ನುಗ್ಗುತ್ತವೆ. ಹಮಾಲರು ಮಾತ್ರ ಅಷ್ಟೇ ಮಂದಿ, ಅವರೂ ಬಳಲಿದವರು. ಪರಿಣಾಮವೇನು? ಬಂಡಿಗಳ ಸಾಲು ಕರಗುವುದೇ ಇಲ್ಲ. ಬೆಳಗಿನ ಉಪಾಹಾರದ ಕೊಬ್ಬು ಇಳಿಯುವ ಮುನ್ನ ಮಧ್ಯಾಹ್ನದ್ದು, ಮಧ್ಯಾಹ್ನದ್ದು ಇಳಿಯುವ ಮುನ್ನ ರಾತ್ರಿಯದು ಬಂದು ಸೇರುತ್ತದೆ.

ಹುಡುಗರಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ನೇ ಬಹುತೇಕ ಇರುವುದಿಲ್ಲ. ಚಿಕಿತ್ಸೆ ತಪ್ಪಿದರೆ ಅವರಲ್ಲಿಯೂ ಕೊಬ್ಬು ವಿಪರೀತವಾಗಿ ಏರಬಹುದು. ಇನ್ಸುಲಿನ್ನನ್ನು ಕ್ರಮವಾಗಿ ತೆಗೆದುಕೊಂಡರೆ ಬಹುಮಟ್ಟಿಗೆ ಹದಕ್ಕೆ ಬರುತ್ತದೆ.

ಉಳಿದ ಶೇಷದಿಂದ ಆಗುವ ಹಾನಿ

ರಕ್ತದಲ್ಲಿ ಕೊಬ್ಬು ಕೆಲವು ತಾಸು ಹೆಚ್ಚು ನಿಂತರೆ ಏನಾಯಿತೆಂದು ಕೇಳಬಹುದು. ಅರೆಬರಿದಾದ ಶೇಷಕಣಗಳಲ್ಲಿ ಕೊಲೆಸ್ಟರಾಲು ತುಂಬಿರುತ್ತದೆ. ತುಂಬಿದ ದೊಡ್ಡ ಬಂಡಿ ಧಮನಿಯ ಗೋಡೆಯೊಳಕ್ಕೆ ತೂರಲಾರದು; ಕುಗ್ಗಿದ ಶೇಷಕಣ ತೂರಬಲ್ಲುದು. ಒಳಹೊಕ್ಕ ಕಣಗಳನ್ನು ಅಲ್ಲಿಯ ಭಕ್ಷಕ ಕೋಶಗಳು ನುಂಗಿ ನುಂಗಿ ನೊರೆಯಂತೆ ಉಬ್ಬುತ್ತವೆ. ಧಮನಿ ಕಿರಿದಾಗುವ ಕಾರ್ಯ ಅಲ್ಲಿಂದ ತೊಡಗುತ್ತದೆ. ಇಷ್ಟೇ ಅಲ್ಲದೆ, ಕೊಬ್ಬಿನ ಬಂಡಿಗಳು ರಕ್ತದಲ್ಲಿ ಹೆಚ್ಚು ಹೊತ್ತು ತಿರುಗಿದಷ್ಟೂ ಇತರ ಕಣಗಳೊಡನೆ ಸರಕಿನ ಅದಲುಬದಲು ನಡೆಯುತ್ತದೆ. ಅದರಿಂದ ಒಳ್ಳೆಯದೆಂದು ಕರೆಯಿಸಿಕೊಳ್ಳುವ ಎಚ್.ಡಿ.ಎಲ್. ಕುಗ್ಗುತ್ತದೆ, ಕೆಟ್ಟದೆನ್ನುವ ಎಲ್.ಡಿ.ಎಲ್. ಕಣಗಳು ಸಣ್ಣದಾಗಿ, ಸಾಂದ್ರವಾಗಿ ಇನ್ನಷ್ಟು ಅಪಾಯಕಾರಿಯಾಗುತ್ತವೆ.

ಧಮನಿ ಕಟ್ಟುವ ರೋಗ ಉಪವಾಸದ ಹೊತ್ತಿನದಲ್ಲ, ಊಟದ ನಂತರದ ಹೊತ್ತಿನದು ಎಂಬ ವಿಚಾರವನ್ನು 1979ರಲ್ಲಿ ಅಮೆರಿಕದ ವಿಜ್ಞಾನಿ ಜಿಲ್ವರ್‌ಸ್ಮಿಟ್ ಮುಂದಿಟ್ಟನು. 2007ರಲ್ಲಿ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಸುಮಾರು 14 ಸಾವಿರ ಜನರನ್ನು ದಶಕಗಳ ಕಾಲ ಗಮನಿಸಿದಾಗ, ಉಪವಾಸವಿಲ್ಲದೆ ಅಳೆದ ಟ್ರೈಗ್ಲಿಸರೈಡ್ ಹೆಚ್ಚಿದ್ದವರಲ್ಲಿ ಹೃದಯಾಘಾತವೂ ಹೆಚ್ಚೆಂದು ಕಂಡಿತು. ಅಮೆರಿಕದ 26 ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ, ಊಟವಾದ ಎರಡರಿಂದ ನಾಲ್ಕು ತಾಸಿನೊಳಗೆ ಅಳೆದ ಅಂಕಿಯೇ ಮುಂಬರುವ ಹೃದ್ರೋಗವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿತು.

ಇದು ಪರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಲೆಕ್ಕ ಹಾಕಿದೆ. ವಯಸ್ಕರಲ್ಲಿ ಶೇಕಡ 81ರಷ್ಟು ಜನರಿಗೆ ರಕ್ತದ ಕೊಬ್ಬಿನಲ್ಲಿ ಒಂದಲ್ಲ ಒಂದು ಏರುಪೇರು ಇದೆಯೆಂದೂ ಅದು ಹೇಳುತ್ತದೆ. ಮಧುಮೇಹಿಗಳಿಗೆ ಎದೆನೋವಿಲ್ಲದೆಯೂ ಹೃದಯಾಘಾತವಾಗಬಹುದು. ಕಾರಣವಿಲ್ಲದ ಬೆವರು, ಉಸಿರುಕಟ್ಟು, ತೀವ್ರ ಆಯಾಸ ಇವನ್ನು ಗ್ಯಾಸು, ಪಿತ್ತ ಎಂದು ಮನೆಯಲ್ಲಿಯೇ ತೀರ್ಮಾನಿಸಿ ಕುಳಿತುಕೊಳ್ಳಬಾರದು.

ಖಾಲಿ ಹೊಟ್ಟೆಯ ಪರೀಕ್ಷೆ ಸಾಕೇ?

ಹಾಗಾದರೆ ಇಷ್ಟು ವರ್ಷ ಉಪವಾಸವಿದ್ದು ರಕ್ತ ಕೊಟ್ಟದ್ದು ವ್ಯರ್ಥವೇ? ಅಲ್ಲ. ಎಲ್.ಡಿ.ಎಲ್. ಅನ್ನು ಲೆಕ್ಕದಿಂದ ತಿಳಿಯುವ 1972ರ ಸೂತ್ರವೊಂದು ಟ್ರೈಗ್ಲಿಸರೈಡಿನ ಅಂಕಿಯನ್ನು ಆಧರಿಸಿದೆ. ಆಗತಾನೆ ಉಂಡಿದ್ದರೆ ಆ ಲೆಕ್ಕ ತಪ್ಪಬಹುದೆಂದು ಉಪವಾಸದ ಪದ್ಧತಿ ನೆಲೆಗೊಂಡಿತು. ಆದರೆ ಯುರೋಪಿನ ತಜ್ಞ ಸಂಸ್ಥೆಗಳು 2016ರಲ್ಲಿ ಕೂಡಿ ಚರ್ಚಿಸಿ, ಸಾಮಾನ್ಯ ಪರೀಕ್ಷೆಗೆ ಉಪವಾಸ ಅಗತ್ಯವಿಲ್ಲವೆಂದು ಸಾರಿದವು. ಉಪವಾಸವಿದ್ದಾಗ ಡೆಸಿಲೀಟರಿಗೆ 150 ಮಿಲಿಗ್ರಾಮ್, ಉಪವಾಸವಿಲ್ಲದಾಗ 175 ಮಿಲಿಗ್ರಾಮ್ ಅಥವಾ ಅದಕ್ಕೆ ಮೇಲ್ಪಟ್ಟ ಟ್ರೈಗ್ಲಿಸರೈಡನ್ನು ಹೆಚ್ಚೆಂದು ಅವು ಗುರುತಿಸಿದವು. 440 ಮೀರಿದರೆ ಉಪವಾಸವಿದ್ದು ಮತ್ತೊಮ್ಮೆ ನೋಡುವುದುಂಟು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ, ಪರೀಕ್ಷಾಲಯದ ಸರದಿಯಲ್ಲಿ ನಿಂತು ಸಕ್ಕರೆ ಇಳಿದು ಬೀಳುವ ಅಪಾಯವೂ ಇದರಿಂದ ತಪ್ಪುತ್ತದೆ. ಸಕ್ಕರೆಯ ಉಪವಾಸ ಪರೀಕ್ಷೆ ಮಾತ್ರ ಬೇರೆ. ಯಾವುದಕ್ಕೆ ಹೇಗೆ ಬರಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು.

ಎಲ್ಲರೂ ಊಟದ ನಂತರದ ಪ್ರತ್ಯೇಕ ಪರೀಕ್ಷೆಗೆ ಹಣ ತೆರಬೇಕಾಗಿಯೂ ಇಲ್ಲ. ಕೈಯಲ್ಲಿರುವ ಕಾಗದದಿಂದಲೇ ಒಂದು ಕಳೆಯುವ ಲೆಕ್ಕ ಮಾಡಬಹುದು. ಒಟ್ಟು ಕೊಲೆಸ್ಟರಾಲಿನಿಂದ ಎಚ್.ಡಿ.ಎಲ್. ಅನ್ನು ಕಳೆಯಿರಿ. ಉಳಿದ ಅಂಕಿಯಲ್ಲಿ ಎಲ್.ಡಿ.ಎಲ್. ಜೊತೆಗೆ ಶೇಷಕಣಗಳ ಕೊಲೆಸ್ಟರಾಲೂ ಸೇರಿರುತ್ತದೆ. ಊಟದಿಂದ ಅದು ಹೆಚ್ಚು ಬದಲಾಗುವುದಿಲ್ಲ. ಸಾಮಾನ್ಯವಾಗಿ ಮಧುಮೇಹಿಗಳಲ್ಲಿ ಇದು 130ಕ್ಕಿಂತ ಕೆಳಗಿರಬೇಕು. ಅಪಾಯ ಹೆಚ್ಚಿರುವವರಲ್ಲಿ 100ಕ್ಕಿಂತಲೂ ಕೆಳಗೆ ತರುವುದನ್ನು ವೈದ್ಯರು ಬಯಸುತ್ತಾರೆ. ನಮ್ಮ ಹಿರಿಯರ ಕಾಗದದಲ್ಲಿ ಒಟ್ಟು 190, ಎಚ್.ಡಿ.ಎಲ್. 38. ಕಳೆದರೆ ಉಳಿಯುವುದು 152. ದೋಷವಿಲ್ಲವೆಂದು ಅವರು ತಿಳಿದಿದ್ದ ಆ ಕಾಗದವೇ ದೋಷವನ್ನು ಹೇಳುತ್ತಿತ್ತು. ಓದಲು ನಮಗೆ ಬರುತ್ತಿರಲಿಲ್ಲ.

ನಮ್ಮ ಊಟದ ಎಲೆ

ಹಬ್ಬದ ಎಲೆಯನ್ನು ನೆನೆಯಿರಿ. ಹೋಳಿಗೆ, ಅದರ ಮೇಲೆ ಧಾರೆಯಾಗಿ ತುಪ್ಪ, ಎಣ್ಣೆಗಾಯಿ, ಭಜಿ, ಶೇಂಗಾ ಚಟ್ನಿ, ಅನ್ನದ ಮೇಲೆ ಮತ್ತೆ ತುಪ್ಪ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲರಿಯ ದಿನದ ಆಹಾರಕ್ಕೆ ಸುಮಾರು 27 ಗ್ರಾಮ್ ಎಣ್ಣೆ-ತುಪ್ಪವನ್ನು ಸೂಚಿಸಿದೆ. ಒಂದು ದೊಡ್ಡ ಚಮಚ ತುಪ್ಪವೆಂದರೆ ಸುಮಾರು 14 ಗ್ರಾಮ್. ಇಡೀ ದಿನದ ಪಾಲಿನ ಅರ್ಧದಷ್ಟು ಮೊದಲನೆಯ ಹೋಳಿಗೆಯೊಡನೆಯೇ ಮುಗಿದುಹೋಗುತ್ತದೆ. ತುಪ್ಪ ಬಿಟ್ಟು ಬೆಲ್ಲ, ಮೈದಾ, ಅನ್ನ ಹೆಚ್ಚು ಉಂಡರೆ ಪಾರಾದೆವೆಂಬುದೂ ಭ್ರಮೆ. ಮಿತಿಮೀರಿದ ಸಕ್ಕರೆ ಮತ್ತು ಹಿಟ್ಟನ್ನು ಯಕೃತ್ತು ಕೊಬ್ಬಾಗಿ ಪರಿವರ್ತಿಸಿ ತನ್ನ ಬಂಡಿಗಳಲ್ಲಿ ತುಂಬುತ್ತದೆ. ಎರಡೂ ಕೂಡಿ ಬಂದರೆ ಎರಡೂ ಕಡೆಯ ಬಂಡಿಗಳು ಹೆಚ್ಚುತ್ತವೆ.

ಹಾಗೆಂದು ನಮ್ಮ ಊಟವೇ ಕೆಟ್ಟದ್ದಲ್ಲ. ಜೋಳದ ರೊಟ್ಟಿ, ಮೊಳಕೆ ಕಟ್ಟಿದ ಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಹಸಿ ಸೌತೆ, ಕೆನೆ ತೆಗೆದ ಮಜ್ಜಿಗೆ ಇವು ದಿನನಿತ್ಯದ ಮನೆಯ ಊಟವೇ. ಇವುಗಳಲ್ಲಿ ಕಾಳು-ಸೊಪ್ಪುಗಳ ನಾರು ಸಕ್ಕರೆ ಮತ್ತು ಜಿಡ್ಡು ಹೀರಿಕೆಯಾಗುವುದನ್ನು ನಿಧಾನಗೊಳಿಸುತ್ತದೆ. ಕೊಬ್ಬನ್ನು ಒಂದೇ ಹೊತ್ತಿಗೆ ಸುರಿಯದೆ ದಿನಕ್ಕೆಲ್ಲ ಹಂಚಿಕೊಳ್ಳುವುದು, ಊಟಗಳ ನಡುವೆ ಕುರುಕಲು ತಿನ್ನದೆ ರಕ್ತಕ್ಕೆ ಬಿಡುವು ಕೊಡುವುದು, ರಾತ್ರಿಯ ಊಟವನ್ನು ಹಗುರ ಮಾಡುವುದು ಇವು ಮೂರು ನಮ್ಮ ಕೈಯಲ್ಲಿಯೇ ಇವೆ. ಮದ್ಯಪಾನ ಟ್ರೈಗ್ಲಿಸರೈಡನ್ನು ಏರಿಸುತ್ತದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಶಿವರಾತ್ರಿಯಂಥ ಉಪವಾಸವನ್ನು ಇನ್ಸುಲಿನ್ ಇಲ್ಲವೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮಾಡಬಾರದು. ಮಾಡಿದರೂ, ಮರುದಿನ ಸಾಬೂದಾನಿ ವಡೆ, ಸಿಹಿ ಎಂದು ಒಮ್ಮೆಗೆ ತುಂಬಿಕೊಂಡರೆ ಉಪವಾಸದ ಫಲ ದೇಹಕ್ಕೆ ದಕ್ಕುವುದಿಲ್ಲ.

ಮಠದ ದಾಸೋಹದಲ್ಲಿ, ಮದುವೆಯ ಪಂಕ್ತಿಯಲ್ಲಿ ಇನ್ನೊಂದು ತೊಡಕಿದೆ. ನೀಡಿದ ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ನಡೆ, ಅದು ಸರಿಯಾದುದೇ. ಆದ್ದರಿಂದಲೇ ಎಲೆಗೆ ಬೀಳುವ ಮುನ್ನವೇ ಕೈಮುಗಿದು “ಸ್ವಲ್ಪ ಸಾಕು” ಎನ್ನುವುದು ಸಂಕೋಚದ ಮಾತಾಗಬಾರದು. ನೀಡುವವರೂ ಒತ್ತಾಯವೇ ಪ್ರೀತಿಯೆಂದು ತಿಳಿಯಬಾರದು. ಮಧುಮೇಹಿ ಅತಿಥಿಗೆ “ನಮ್ಮ ಮ್ಯಾಲ ಸಿಟ್ಟೇನ್ರಿ? ಇನ್ನೊಂದು ಹಾಕಿಸಿಕೊಳ್ರಿ” ಎನ್ನುವ ಉಪಚಾರ ಉಪಕಾರವಲ್ಲ.

ನಡಿಗೆ ಮತ್ತು ಔಷಧ

ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂದು ಹಿರಿಯರು ಹೇಳುತ್ತಿದ್ದರು. ಅದರಿಂದ ಸಕ್ಕರೆಯ ಏರಿಕೆ ತಗ್ಗುತ್ತದೆ. ಕೊಬ್ಬಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವುಂಟು: ಇಂದು ಬಿರುಸಾಗಿ ನಡೆದರೆ ಅದರ ಫಲ ನಾಳೆಯ ಊಟದ ಮೇಲೆ ಕಾಣುತ್ತದೆ. ದುಡಿದ ಸ್ನಾಯುವಿನಲ್ಲಿ ಹಮಾಲರು ಹೆಚ್ಚುತ್ತಾರೆ, ಯಕೃತ್ತಿನ ಬಂಡಿಗಳ ಕಾಟವೂ ತಗ್ಗುತ್ತದೆ. ಆದರೆ ಈ ಫಲ ಒಂದೆರಡು ದಿನಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಭಾನುವಾರಕ್ಕೊಮ್ಮೆ ಐದು ಮೈಲಿ ನಡೆಯುವುದಕ್ಕಿಂತ ದಿನವೂ ಅರ್ಧ ತಾಸು ನಡೆಯುವುದು ಮೇಲು. ಹೃದ್ರೋಗವಿರುವವರು, ಪಾದದಲ್ಲಿ ಹುಣ್ಣಿರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಔಷಧದ ವಿಷಯದಲ್ಲಿ ನೇರವಾದ ಒಂದು ಮಾತು. ಸ್ಟ್ಯಾಟಿನ್ ಎಂಬ ಗುಂಪಿನ ಮಾತ್ರೆಗಳನ್ನು ಕಂಡರೆ ಅನೇಕರಿಗೆ ಹೆದರಿಕೆ. ಅಂಕಿ ಸರಿಯಾದೊಡನೆ ತಾವೇ ನಿಲ್ಲಿಸಿಬಿಡುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನ 2838 ಮಧುಮೇಹಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಟೊರ್ವಾಸ್ಟ್ಯಾಟಿನ್ 10 ಮಿಲಿಗ್ರಾಮ್ ತೆಗೆದುಕೊಂಡವರಿಗೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಆಪತ್ತುಗಳು ಶೇಕಡ 37ರಷ್ಟು ಕಡಿಮೆಯಾದವು. ಇದಕ್ಕೆ ಪ್ರತಿಯಾಗಿ, ಟ್ರೈಗ್ಲಿಸರೈಡನ್ನು ಇಳಿಸುವ ಪೆಮಾಫೈಬ್ರೇಟ್ ಎಂಬ ಔಷಧವನ್ನು 10 ಸಾವಿರಕ್ಕೂ ಹೆಚ್ಚು ಮಧುಮೇಹಿಗಳಲ್ಲಿ ಪರೀಕ್ಷಿಸಿ 2022ರಲ್ಲಿ ಫಲ ಪ್ರಕಟಿಸಿದಾಗ, ಅಂಕಿ ಇಳಿದಿತ್ತು, ಆಪತ್ತು ಇಳಿದಿರಲಿಲ್ಲ. ಚೀಲಗಳು ಇಳಿದರೂ ಅಪಾಯಕಾರಿ ಬಂಡಿಗಳ ಸಂಖ್ಯೆ ಕಡಿಮೆಯಾಗದಿದ್ದರೆ ಧಮನಿಗೆ ರಕ್ಷೆಯಿಲ್ಲವೆಂದು ತಜ್ಞರು ಇದನ್ನು ಅರ್ಥೈಸುತ್ತಾರೆ. ಆದುದರಿಂದ ಒಂದು ಅಂಕಿಯ ಬೆನ್ನು ಹತ್ತದೆ, ವೈದ್ಯರು ಯಾವ ಕಾರಣಕ್ಕೆ ಯಾವ ಮಾತ್ರೆ ಕೊಟ್ಟಿದ್ದಾರೆಂದು ಕೇಳಿ ತಿಳಿದು, ಬಿಡದೆ ತೆಗೆದುಕೊಳ್ಳಬೇಕು. ಥೈರಾಯ್ಡಿನ ಮಾಂದ್ಯ, ಮೂತ್ರಪಿಂಡದ ರೋಗ, ಸ್ಟಿರಾಯ್ಡ್ ಔಷಧಗಳೂ ಈ ಕೊಬ್ಬನ್ನು ಏರಿಸಬಲ್ಲವು, ಅವನ್ನೂ ನೋಡಬೇಕು. ಟ್ರೈಗ್ಲಿಸರೈಡ್ 1000ಕ್ಕೆ ಮೀರಿದರೆ ಮೇದೋಜ್ಜೀರಕ ಗ್ರಂಥಿಯೇ ಉರಿಗೊಳ್ಳುವ ಅಪಾಯವುಂಟು. ಅಂಥವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಊಟವನ್ನು ಬಲ್ಲುದೆಂದರೆ ಎಲೆಯ ಮೇಲಿನ ರುಚಿಯನ್ನು ಬಲ್ಲುದು ಮಾತ್ರವಲ್ಲ. ಕೈತೊಳೆದು ಎದ್ದ ಮೇಲೆ ಏಳೆಂಟು ತಾಸು ಅದು ಒಳಗೆ ಮಾಡುವ ಪ್ರಯಾಣವನ್ನೂ ಬಲ್ಲುದು.

ನಮ್ಮ ಹಿರಿಯರು ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ, ದಿನವೂ ಮುಂಜಾನೆ ಕೆರೆಯ ದಂಡೆಯವರೆಗೆ ನಡೆದು ಬರುತ್ತಾರೆ. ದೀಪಾವಳಿಗೆ ಅವರ ಮನೆಗೆ ಹೋಗಿದ್ದಾಗ ಸೊಸೆ ಮಾವನವರ ಎಲೆಗೆ ಒಂದೇ ಹೋಳಿಗೆ ಹಾಕಿ, ಅರ್ಧ ಚಮಚ ತುಪ್ಪ ಬಿಟ್ಟು, ಪಕ್ಕದಲ್ಲಿ ಕಾಳಿನ ಪಲ್ಯವನ್ನು ಧಾರಾಳವಾಗಿ ಬಡಿಸಿದಳು. ಅವರು ನಮ್ಮ ಕಡೆಗೆ ನೋಡಿ, “ಒಂದನ್ನ ಹತ್ತು ತುತ್ತು ಮಾಡಿ ಉಣ್ಣಾಕ ಕಲತೇನ್ರಿ ಶಾಸ್ತ್ರಿಗಳ” ಎಂದರು. ಆ ಒಂದು ಹೋಳಿಗೆಯನ್ನು ಅವರು ನಿಜವಾಗಿಯೂ ಬಹಳ ಹೊತ್ತು ಉಂಡರು.